ದಾಟಬಾರದ ಕಡೆ ದಾಟಿದವಳು

ಕಳೆದ ಡಿಸೆಂಬರಿನಲ್ಲಿ ನನ್ನ ತಂಗಿಯ ಮಗಳು ಅಮೆರಿಕದಿಂದ ರಜೆಗೆ ಬಂದಿದ್ದಳು. ಅವರೆಕಾಯಿಯ ಕಾಲ. ಊಟದ ಮೇಜಿನ ಈ ತುದಿಯಲ್ಲಿ ನಾನು ನೆನೆಸಿದ ಕಾಳು ಹಿದುಕುತ್ತ ಕೂತಿದ್ದೆ, ಆ ತುದಿಯಲ್ಲಿ ಅವಳು ಲ್ಯಾಪ್‌ಟಾಪ್ ತೆರೆದುಕೊಂಡಿದ್ದಳು. ಬಂದಿರುವ ಹದಿನೈದು ದಿನದಲ್ಲೂ ಅದೇನು ಕೆಲಸವೇ ಎಂದು ಗದರಿದ್ದಕ್ಕೆ, "ಬಾ ದೊಡ್ಡಮ್ಮ, ನೋಡು" ಎಂದು ಪರದೆಯನ್ನು ನನ್ನ ಕಡೆಗೆ ತಿರುಗಿಸಿದಳು.

ಇಳಿಜಾರಾದ ನೆಲ. ಮಳೆ ಕುಡಿದು ಮೆತ್ತಗಾದ ಕಂದು ಮಣ್ಣು, ಅಲ್ಲಲ್ಲಿ ಕುರುಚಲು ಗಿಡ, ಕಲ್ಲುಗುಂಡು. ಆ ನೆಲದ ಮೇಲೆ ಒಂದು ಗಾಡಿ. ಅದಕ್ಕೆ ಬಾಗಿಲಿಲ್ಲ, ಮುಂದಿನ ಗಾಜಿಲ್ಲ, ಯಾರಾದರೂ ಕೂರುವ ಜಾಗವೂ ಇಲ್ಲ. ತನ್ನಷ್ಟಕ್ಕೆ ತಾನೇ ದಾರಿ ಹುಡುಕಿಕೊಂಡು, ಚಕ್ರ ಹೂತುಕೊಂಡಲ್ಲಿ ಹಿಂದೆ ಸರಿದು, ಇನ್ನೊಂದು ಕಡೆಯಿಂದ ಮತ್ತೆ ಇಳಿಯುತ್ತಿತ್ತು.

"ಈ ಗಾಡಿ ಇನ್ನೂ ಪ್ರಪಂಚದಲ್ಲಿ ಎಲ್ಲೂ ಇಲ್ಲ, ಗೊತ್ತಾ? ಇದರೊಳಗೆ ಮಾತ್ರ ಇರೋದು. ಆದರೂ ಹೋದ ವಾರ ಒಂದೇ ರಾತ್ರಿ ಸಾವಿರ ಸಲ ಇಳಿಸಿದ್ದೀನಿ" ಎಂದಳು.

ನಾನು ಕೇಳಿದ್ದು ಪೆದ್ದು ಪ್ರಶ್ನೆ. "ಇದು ಯಾರ ಹೊಲವೇ?"

ಅವಳು ನಕ್ಕುಬಿಟ್ಟಳು. "ಯಾರದೂ ಅಲ್ಲ ದೊಡ್ಡಮ್ಮ. ಇದು ಆಫ್ ರೋಡ್. ರಸ್ತೆ ಇಲ್ಲದ ಜಾಗ ಅಷ್ಟೆ."

ಯಾರದೂ ಅಲ್ಲ! ಕಾಳು ಹಿದುಕಿ ಮುಗಿಯಿತು, ಹುಡುಗಿ ವಾಪಸು ಹೋಗಿಯೂ ಆಯಿತು, ಆ ಮಾತು ಮಾತ್ರ ನನ್ನ ತಲೆಯಿಂದ ಹೋಗಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಯಂತ್ರ ಕಂಡರೆ ಕೈಮುಗಿಯುವವಳೂ ಅಲ್ಲ, ಹೌಹಾರುವವಳೂ ಅಲ್ಲ. ಅದಕ್ಕೇ ಅವಳು ಹೊರಡುವ ತನಕ ದಿನಾ ಸಂಜೆ ಕೂರಿಸಿಕೊಂಡು ಇದೇನೆಂದು ಹೇಳಿಸಿಕೊಂಡೆ, ಆಮೇಲೆ ನಾನೇ ಹುಡುಕಿ ಓದಿದೆ. ಓದಿದಷ್ಟೂ ತಕರಾರು ಗಟ್ಟಿಯಾಯಿತು. ಅದನ್ನು ನಿಮ್ಮ ಮುಂದೆ ಇಡಬೇಕು.

ಇದಕ್ಕೆ ಅವರು ವರ್ಚುವಲ್ ಪ್ರೊಟೊಟೈಪಿಂಗ್ ಎನ್ನುತ್ತಾರೆ. ಕಬ್ಬಿಣ ಮುಟ್ಟುವ ಮೊದಲೇ ಗಾಡಿಯನ್ನು ಗಣಕಯಂತ್ರದೊಳಗೆ ಕಟ್ಟುವುದು. ಅದರ ಎಂಜಿನ್ನು, ಚಕ್ರ, ಸ್ಪ್ರಿಂಗು, ಬ್ಯಾಟರಿ ಎಲ್ಲಕ್ಕೂ ಲೆಕ್ಕವಿರುತ್ತದೆ. ಚಾಲಕನಿಲ್ಲದ ಗಾಡಿಯಾದರೆ ಅದರ ಕಣ್ಣುಗಳನ್ನೂ, ಅಂದರೆ ಕ್ಯಾಮೆರಾ, ರಾಡಾರ್, ಲೇಸರ್ ಕಿರಣ ಬಿಟ್ಟು ದೂರ ಅಳೆಯುವ ಯಂತ್ರಗಳನ್ನೂ ಒಳಗೇ ಕಟ್ಟುತ್ತಾರೆ. ಗಾಡಿ ಓಡಬೇಕಾದರೆ ನೆಲ ಬೇಕಲ್ಲ, ಆ ನೆಲವನ್ನೂ ಅವರೇ ಮಾಡುತ್ತಾರೆ. ಬಿಸಿಲು, ಧೂಳು, ಮಳೆ, ಮಂಜು ಎಲ್ಲ ಅವರು ಹೇಳಿದಾಗ ಬರುತ್ತವೆ. ಆ ಪ್ರಪಂಚದಲ್ಲಿ ಗಾಡಿ ಸಾವಿರ ಸಲ ಉರುಳಿ ಬಿದ್ದರೂ ಯಾರಿಗೂ ಗಾಯವಿಲ್ಲ.

ನಮ್ಮಲ್ಲಿ ಇಂಥದ್ದಕ್ಕೆ ಪುಸ್ತಕದ ಬದನೆಕಾಯಿ ಎಂದು ನಗುವುದು ಸುಲಭ. ನಾನು ನಗುವುದಿಲ್ಲ. ಲೆಕ್ಕ ಹಾಕಿದರೆ ಬೇರೆ ದಾರಿ ಇಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆಯವರು 2016ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಚಾಲಕನಿಲ್ಲದ ಕಾರು ಮನುಷ್ಯ ಓಡಿಸುವ ಕಾರಿನಷ್ಟಾದರೂ ಜೀವಕ್ಕೆ ಕ್ಷೇಮ ಎಂದು ರಸ್ತೆಯಲ್ಲೇ ಓಡಿಸಿ ಸಾಬೀತು ಮಾಡಬೇಕಾದರೆ ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 44 ಕೋಟಿ ಕಿಲೋಮೀಟರು. ನೂರು ಕಾರುಗಳನ್ನು ಗಂಟೆಗೆ 25 ಮೈಲಿಯಂತೆ ಹಗಲಿರುಳು ನಿಲ್ಲಿಸದೆ ಓಡಿಸಿದರೂ ಹನ್ನೆರಡೂವರೆ ವರ್ಷ. ನಾನೇ ಪೆನ್ಸಿಲ್ ಹಿಡಿದು ಭಾಗಿಸಿ ನೋಡಿದೆ, ಸರಿಯಾಗಿದೆ. ಹಾಗಾಗಿ ಪರದೆಯ ಮೇಲೆ ಓಡಿಸಿ ನೋಡುವುದು ಬುದ್ಧಿವಂತರ ಕೆಲಸವೇ. ನನ್ನ ಜಗಳ ಓಡಿಸುವುದರ ಜೊತೆಗಲ್ಲ, ಓಡಿಸುವ ಆ ಪ್ರಪಂಚದೊಳಗೆ ಯಾರನ್ನು ಇಟ್ಟಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎನ್ನುವುದರ ಜೊತೆ.

ಈ ಕೆಲಸ ಯಾರ ದುಡ್ಡಿನಲ್ಲಿ ನಡೆಯುತ್ತಿದೆ ಎಂದು ಮೊದಲು ನೋಡಬೇಕು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1994ರಿಂದ ಅಮೆರಿಕದ ಸೈನ್ಯದ ಬೆಂಬಲದಿಂದ ನಡೆಯುತ್ತಿರುವ ಒಂದು ವಾಹನ ಸಂಶೋಧನಾ ಕೇಂದ್ರವಿದೆ. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯ ಗ್ರೀನ್‌ವಿಲ್ ಊರಿನಲ್ಲಿ ವಾಹನಗಳಿಗೆಂದೇ ಒಂದು ಆವರಣ ಇಟ್ಟುಕೊಂಡಿದೆ. ಅಲ್ಲಿ 2020ರಲ್ಲಿ ಸೈನ್ಯದ ವಾಹನ ವಿಭಾಗದ ಜೊತೆ ಸೇರಿ, ತಾವೇ ಓಡುವ ನೆಲದ ಗಾಡಿಗಳ ವರ್ಚುವಲ್ ಪ್ರೊಟೊಟೈಪಿಂಗಿಗೆಂದೇ ಒಂದು ಕೇಂದ್ರ ಶುರುವಾಯಿತು. ಎಂ.ಎಸ್. ಓದುವ ಹುಡುಗ ಹುಡುಗಿಯರು ತಂಡ ಕಟ್ಟಿಕೊಂಡು ನಿಜವಾದ ಗಾಡಿಯನ್ನೇ ಮಾಡಿ ನಿಲ್ಲಿಸುವ 'ಡೀಪ್ ಆರೆಂಜ್' ಎಂಬ ಪಾಠಕ್ರಮವೂ ಅಲ್ಲಿದೆ. ಮಿಸಿಸಿಪಿ ರಾಜ್ಯದ ವಿಶ್ವವಿದ್ಯಾಲಯದವರದು ಇನ್ನೊಂದು ತಂತ್ರಾಂಶ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಇಟಲಿಯ ಪಾರ್ಮಾದವರ ಜೊತೆ ಸೇರಿ ಬೆಳೆಸಿದ 'ಕ್ರೋನೊ' ಎಂಬುದನ್ನು ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಈ ಕೊನೆಯ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಸೈನ್ಯದವರಿಗೆ ಇದರ ಆಸೆ ಹುಟ್ಟಿದ್ದು ಈಚೆಗಲ್ಲ. 2015ರ ಹೊತ್ತಿಗೆ ಯುದ್ಧದ ನೆಲಗಾಡಿಗಳಲ್ಲಿ ಮೂರರಲ್ಲೊಂದು ಪಾಲು ಚಾಲಕನಿಲ್ಲದವಾಗಬೇಕು ಎಂದು ಅಲ್ಲಿಯ ಸಂಸತ್ತು 2000ದಲ್ಲೇ ಕಾಯಿದೆಯಲ್ಲಿ ಬರೆಯಿತು. ಆಗಲಿಲ್ಲ. 2004ರ ಮಾರ್ಚಿಯಲ್ಲಿ ಮೊಹಾವಿ ಮರುಭೂಮಿಯಲ್ಲಿ ಹತ್ತು ಲಕ್ಷ ಡಾಲರಿನ ಪಂದ್ಯ ಇಟ್ಟರು. ಹದಿನೈದು ಗಾಡಿ ಹೊರಟವು, ಒಂದೂ ಗುರಿ ಮುಟ್ಟಲಿಲ್ಲ. ಎಲ್ಲಕ್ಕಿಂತ ದೂರ ಹೋದದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ್ದು, ಅದೂ ಹನ್ನೆರಡು ಕಿಲೋಮೀಟರಿಗೆ ಸಿಕ್ಕಿಹಾಕಿಕೊಂಡಿತು. ಮಾರನೇ ವರ್ಷವೇ ಐದು ಗಾಡಿಗಳು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ದಾರಿಯನ್ನು ಮುಗಿಸಿದವು. ಗೆದ್ದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ಒಂದೇ ವರ್ಷದಲ್ಲಿ ಅಷ್ಟು! ಅದನ್ನು ಮೆಚ್ಚದೆ ಇರಲಾರೆ. ಆದರೆ ಪಂದ್ಯಕ್ಕೆ ಆರಿಸಿದ್ದು ಮರುಭೂಮಿಯನ್ನು, ಜನ ಇಲ್ಲದ ಜಾಗವನ್ನು. ಅಡ್ಡ ಬರುವ ಮುದುಕಿ ಇಲ್ಲ, ಎಮ್ಮೆ ಇಲ್ಲ. ಕಲಿಯುವಾಗ ಅದು ಸರಿ. ಕಲಿತ ಮೇಲೆ?

ಸೈನಿಕನ ತಾಯಿಯೂ ತಾಯಿಯೇ. ನೆಲಬಾಂಬು ಹುಗಿದ ದಾರಿಯಲ್ಲಿ ಸಾಮಾನು ಲಾರಿಯನ್ನು ಯಾರ ಮಗನೂ ಕೂತು ಓಡಿಸಬೇಕಾಗಿಲ್ಲ ಎಂದಾದರೆ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹುಡುಗಿಯೂ ಅದನ್ನೇ ಹೇಳಿದಳು. ನಾನು ಕೇಳಿದ್ದಿಷ್ಟೇ, "ಆ ಲಾರಿ ಹೋಗೋ ಊರಲ್ಲಿ ಜನ ಇರಲ್ವಾ?" ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಿಗೆ, "ನಮಗೆ ಕೊಟ್ಟಿರೋ ಪಟ್ಟಿಯಲ್ಲಿ ಮಣ್ಣಿದೆ, ಇಳಿಜಾರಿದೆ, ಗಿಡದ ಕಾಂಡ ಎಷ್ಟು ದಪ್ಪ ಅಂತ ಇದೆ. ಜನ ಇಲ್ಲ" ಎಂದಳು. ಗಿಡದ ಕಾಂಡದ ದಪ್ಪ ಇದೆ! ಯಾಕೆ ಗೊತ್ತೇ? ಗಾಡಿ ಅದನ್ನು ಮುರಿದು ಮುಂದೆ ಹೋಗಬಲ್ಲದೋ ಇಲ್ಲವೋ ಗೊತ್ತಾಗಬೇಕಲ್ಲ, ಅದಕ್ಕೆ.

ಮಣ್ಣಿನ ಲೆಕ್ಕ ನೋಡಿದರೆ ಬೆರಗಾಗುತ್ತದೆ. ಪೋಲೆಂಡಿನಿಂದ ಬಂದ ಬೆಕ್ಕರ್ ಎಂಬ ಎಂಜಿನಿಯರ್ ನೆಲದ ಮೇಲೆ ಗಾಡಿ ಓಡುವ ಶಾಸ್ತ್ರವನ್ನೇ ಕಟ್ಟಿ 1956ರಲ್ಲಿ ಪುಸ್ತಕ ಬರೆದ. 1971ರಲ್ಲಿ ಚಂದ್ರನ ಮೇಲೆ ಓಡಿದ ಗಾಡಿಯ ಹಿಂದೆಯೂ ಅವನ ಕೈವಾಡವಿತ್ತು. ಅವನ ವಿಧಾನ ಸರಳ. ಒಂದು ತಟ್ಟೆಯನ್ನು ಮಣ್ಣಿಗೆ ಒತ್ತಬೇಕು. ಎಷ್ಟು ಒತ್ತಡಕ್ಕೆ ಎಷ್ಟು ಹೂತುಕೊಂಡಿತು ಎಂದು ಅಳೆಯಬೇಕು. ಆ ಅಳತೆಯಿಂದ ಆ ಮಣ್ಣಿನ ಎರಡು ಮೂರು ಸಂಖ್ಯೆ ಹೊರಡುತ್ತವೆ. ಆ ಸಂಖ್ಯೆ ಗೊತ್ತಿದ್ದರೆ ಯಾವ ಚಕ್ರ ಎಲ್ಲಿ ಹೂತುಕೊಳ್ಳುತ್ತದೆ ಎಂದು ಹೇಳಬಹುದು. ಇವತ್ತಿಗೂ ಗಣಕಯಂತ್ರದೊಳಗಿನ ಕೆಸರಿಗೆ ಬುನಾದಿ ಅದೇ. ಇದನ್ನು ಓದುವಾಗ ನನಗೆ ನಮ್ಮ ಸೋದರತ್ತೆಯ ನೆನಪು ಬಂತು. ಕೆರೆಯಂಗಳದಲ್ಲಿ ಹುಲ್ಲು ಕೊಯ್ಯಲು ಇಳಿಯುವಾಗ ಅವಳು ಮೊದಲು ಬಲಗಾಲಿನ ಹಿಮ್ಮಡಿ ಊರಿ ಒತ್ತಿ ನೋಡುತ್ತಿದ್ದಳು. "ಇಲ್ಲಿ ಹಿಡಿಯುತ್ತೆ, ಈ ಕಡೆ ಬಾ" ಎನ್ನುತ್ತಿದ್ದಳು. ಬೆಕ್ಕರನ ತಟ್ಟೆ ಮಾಡುವುದೂ ಅದನ್ನೇ. ಅವಳ ಹಿಮ್ಮಡಿಗೆ ಗೊತ್ತಿದ್ದದ್ದು ಪರದೆಯೊಳಕ್ಕೆ ಬಂದಿದೆ. ಅವಳು ಬಂದಿಲ್ಲ.

ಸೋದರತ್ತೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಅವಳ ಊರು ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ, ನಮ್ಮ ತುಮಕೂರಿನಿಂದ ಆಚೆಗೆ. ಪಕ್ಕದಲ್ಲಿ ಎಂದರೆ ತಪ್ಪು, ಹೆದ್ದಾರಿ ಊರಿನ ನಡುವೆ ಹೋಗಿದೆ. ಮನೆ, ಕೊಟ್ಟಿಗೆ, ದೇವಸ್ಥಾನ ಈ ಕಡೆ, ಹೊಲ, ಕೆರೆ, ಸ್ಮಶಾನ ಆ ಕಡೆ. ರಸ್ತೆ ಚಿಕ್ಕದಾಗಿದ್ದಾಗ ದನ ಹೊಡೆದುಕೊಂಡು ದಾಟಿಬಿಡುತ್ತಿದ್ದರು. ನಾಲ್ಕು ಪಥವಾದ ಮೇಲೆ ನಡುವೆ ಕಬ್ಬಿಣದ ಬೇಲಿ ಬಂತು. ಕೆಳದಾರಿ ಮಾಡಿದ್ದು ಒಂದೂವರೆ ಕಿಲೋಮೀಟರು ಆಚೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವಳು ಹೋಗುವುದು ಒಂದೂವರೆ, ಬರುವುದು ಒಂದೂವರೆ ಕಿಲೋಮೀಟರು ಸುತ್ತುತ್ತಾಳೆಯೇ? ನೀವಾದರೆ ಸುತ್ತುತ್ತೀರಾ? ಊರಿನವರು ಬೇಲಿಯ ಎರಡು ಸರಳು ಬಗ್ಗಿಸಿ ಕಿಂಡಿ ಮಾಡಿಕೊಂಡರು. 2011ರ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಆ ಕಿಂಡಿಯಿಂದ ಹೊರಬಂದ ಸೋದರತ್ತೆಯನ್ನು ಒಂದು ವಾಹನ ಹೊಡೆದುಕೊಂಡು ಹೋಯಿತು. ಹುಲ್ಲು ರಸ್ತೆಯ ಉದ್ದಕ್ಕೂ ಹರಡಿಬಿದ್ದಿತ್ತಂತೆ. ಆಮೇಲೆ ಕಾಗದಪತ್ರದಲ್ಲಿ ಕಂಡದ್ದು ಒಂದು ಸಾಲು. ಮೃತಳು ದಾಟಬಾರದ ಜಾಗದಲ್ಲಿ ಏಕಾಏಕಿ ರಸ್ತೆ ದಾಟಿದ್ದರಿಂದ ಅಪಘಾತ ಸಂಭವಿಸಿರುತ್ತದೆ. ಮೂವತ್ತು ವರ್ಷದಿಂದ ದಿನಾ ಎರಡು ಸಲ ದಾಟಿದವಳು ಏಕಾಏಕಿ ದಾಟಿದಳಂತೆ!

ಈಗ ಅಮೆರಿಕಕ್ಕೆ ಬನ್ನಿ. ಅರಿಜೋನಾ ರಾಜ್ಯದ ಟೆಂಪೆ ಎಂಬ ಊರು, 2018ರ ಮಾರ್ಚಿ 18, ರಾತ್ರಿ ಹತ್ತು ಗಂಟೆಗೆ ಎರಡು ನಿಮಿಷ ಬಾಕಿ. ನಲವತ್ತೊಂಬತ್ತು ವರ್ಷದ ಹೆಂಗಸೊಬ್ಬಳು ಸೈಕಲ್ಲನ್ನು ತಳ್ಳಿಕೊಂಡು ಅಗಲವಾದ ರಸ್ತೆಯನ್ನು ದಾಟುತ್ತಿದ್ದಳು. ಊಬರ್ ಕಂಪನಿ ಪರೀಕ್ಷೆಗೆಂದು ತಾನೇ ಓಡಲು ಬಿಟ್ಟಿದ್ದ ಒಂದು ವೋಲ್ವೊ ಕಾರು ಅವಳಿಗೆ ಗುದ್ದಿತು. ಚಾಲಕನಿಲ್ಲದ ಕಾರು ರಸ್ತೆಯಲ್ಲಿ ನಡೆಯುವವರೊಬ್ಬರನ್ನು ಕೊಂದ ಮೊದಲ ಪ್ರಸಂಗ ಅದು. ಅಲ್ಲಿಯ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕೂಲಂಕಷವಾಗಿ ತನಿಖೆ ಮಾಡಿ 2019ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಅದನ್ನು ಓದಿ ನಾನು ಎರಡು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ.

ಕಾರಿನ ರಾಡಾರ್ ಅವಳನ್ನು ಗುದ್ದುವುದಕ್ಕೆ 5.6 ಸೆಕೆಂಡು ಮೊದಲೇ ಕಂಡಿತ್ತು. ಆ ವೇಗಕ್ಕೆ 5.6 ಸೆಕೆಂಡು ಎಂದರೆ ನೂರು ಮೀಟರಿಗೂ ಹೆಚ್ಚು ದೂರ, ಧಾರಾಳವಾಗಿ ನಿಲ್ಲಬಹುದಿತ್ತು. ಆದರೆ ಯಂತ್ರಕ್ಕೆ ಅವಳು ಏನೆಂದೇ ಗೊತ್ತಾಗಲಿಲ್ಲ. ಒಮ್ಮೆ ವಾಹನ ಎಂದಿತು, ಒಮ್ಮೆ ಬೇರೆ ಏನೋ ಎಂದಿತು, ಒಮ್ಮೆ ಸೈಕಲ್ಲು ಎಂದಿತು. ಹೆಸರು ಬದಲಾದಾಗಲೆಲ್ಲ ಅವಳು ಅದುವರೆಗೆ ನಡೆದು ಬಂದ ಹೆಜ್ಜೆಗಳ ಲೆಕ್ಕವನ್ನು ಬಿಟ್ಟು ಹೊಸದಾಗಿ ಶುರು ಮಾಡುತ್ತಿತ್ತು. ಅವಳು ರಸ್ತೆ ದಾಟುತ್ತಿದ್ದಾಳೆ ಎನ್ನುವುದು ಅದಕ್ಕೆ ಹೊಳೆಯಲೇ ಇಲ್ಲ. ಯಾಕೆ? ವರದಿ ನೇರವಾಗಿ ಹೇಳುತ್ತದೆ: ದಾಟುವ ಗುರುತಿಲ್ಲದ ಕಡೆ ಜನ ರಸ್ತೆ ದಾಟಬಹುದು ಎನ್ನುವ ವಿಷಯವನ್ನು ಆ ವ್ಯವಸ್ಥೆಯನ್ನು ರೂಪಿಸುವಾಗ ಸೇರಿಸಿರಲೇ ಇಲ್ಲ. ಸಾಲದ್ದಕ್ಕೆ ವೋಲ್ವೊ ಕಾರಿಗೆ ಕಾರ್ಖಾನೆಯಲ್ಲೇ ಇಟ್ಟಿದ್ದ ತುರ್ತು ಬ್ರೇಕನ್ನೂ ಪರೀಕ್ಷೆಯ ಹೊತ್ತಿನಲ್ಲಿ ಕೆಲಸ ಮಾಡದಂತೆ ಮಾಡಿದ್ದರು.

ಇನ್ನೊಂದು ಸಂಗತಿ ನೋಡಿ. ಅವಳು ದಾಟಿದ ಕಡೆ ರಸ್ತೆಯ ನಡುವಿನ ದಿಬ್ಬದಲ್ಲಿ ಇಟ್ಟಿಗೆ ಹಾಸಿದ ಚೆಂದದ ಕಾಲುದಾರಿ ಇತ್ತು. ಅದರ ಪಕ್ಕದಲ್ಲಿ 'ಇಲ್ಲಿ ದಾಟಬೇಡಿ' ಎಂಬ ಫಲಕವೂ ಇತ್ತು. ಕಾಲುದಾರಿ ಹಾಕಿದವರೂ ಅವರೇ, ದಾಟಬೇಡ ಎಂದವರೂ ಅವರೇ. ನಮ್ಮ ಸೋದರತ್ತೆಯ ಊರಿಗೂ ಆ ಊರಿಗೂ ಇರುವ ದೂರ ಅಷ್ಟೇ.

ಮತ್ತೆ ಏನಾಯಿತು? ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಬರುವುದಿಲ್ಲ ಎಂದು 2019ರಲ್ಲಿ ಸರ್ಕಾರಿ ವಕೀಲರು ಹೇಳಿದರು. ಕಾರಿನೊಳಗೆ ಮೇಲ್ವಿಚಾರಣೆಗೆಂದು ಕೂತಿದ್ದವಳೂ ಒಬ್ಬ ಹೆಂಗಸೇ. ಅವಳು ರಸ್ತೆಯ ಬದಲು ಫೋನು ನೋಡುತ್ತಿದ್ದಳು, ತಪ್ಪೇ, ಇಲ್ಲವೆನ್ನುವುದಿಲ್ಲ. 2023ರಲ್ಲಿ ಅವಳು ತಪ್ಪು ಒಪ್ಪಿಕೊಂಡಳು, ಮೂರು ವರ್ಷ ಸರ್ಕಾರದ ನಿಗಾದಲ್ಲಿರಬೇಕೆಂದು ಶಿಕ್ಷೆಯಾಯಿತು. ಸತ್ತವಳ ತಪ್ಪುಗಳನ್ನೂ ವರದಿ ಎಣಿಸಿದೆ. ಒಬ್ಬಳು ಸತ್ತಳು, ಒಬ್ಬಳು ಕೋರ್ಟಿಗೆ ಅಲೆದಳು. 'ರಸ್ತೆಯಲ್ಲಿ ಜನ ಎಲ್ಲೆಂದರಲ್ಲಿ ದಾಟುತ್ತಾರೆ' ಎಂಬ, ಆರನೇ ಕ್ಲಾಸಿನ ಹುಡುಗಿಗೂ ಗೊತ್ತಿರುವ ಸತ್ಯವನ್ನು ಬರೆಯದೆ ಬಿಟ್ಟವರ ಹೆಸರು ಎಲ್ಲೂ ಬರಲಿಲ್ಲ.

ಈ ಕಥೆಯನ್ನು ಹೇಳಿದಾಗ ಹುಡುಗಿಗೆ ಸ್ವಲ್ಪ ಸಿಟ್ಟು ಬಂತು. "ಅದು ಅವರ ತಪ್ಪು ದೊಡ್ಡಮ್ಮ. ಇದಕ್ಕೇ ತಾನೇ ನಾವು ಮೊದಲು ಕಂಪ್ಯೂಟರಿನಲ್ಲಿ ಓಡಿಸಿ ನೋಡಬೇಕು ಅನ್ನೋದು" ಎಂದಳು. ಸರಿಯಾದ ಮಾತು. ಆದರೆ ಗಣಕಯಂತ್ರದೊಳಕ್ಕೆ ದಾಟುವವಳನ್ನು ಇಡದೆ ಹೋದರೆ ಅಲ್ಲಿ ಸಾವಿರ ರಾತ್ರಿ ಓಡಿಸಿದರೂ ಬರುವ ಫಲ ಒಂದೇ. ಗಾಡಿ ಪಾಸಾಗುತ್ತದೆ! ಪ್ರಶ್ನೆಪತ್ರಿಕೆ ತೆಗೆಯುವವನೇ ಉತ್ತರವನ್ನೂ ಬರೆದರೆ ಯಾರು ಫೇಲಾಗುತ್ತಾರೆ? ಅಷ್ಟು ವರ್ಷ ಪ್ರಶ್ನೆಪತ್ರಿಕೆ ತೆಗೆದವಳಿಗೆ ಇದು ಗೊತ್ತು.

ಊರಿನ ರಸ್ತೆಗಳಿಗಾಗಿ ಮಾಡಿದ ತಂತ್ರಾಂಶಗಳಲ್ಲಿ ಜನ ಇದ್ದಾರೆ, ಅದನ್ನೂ ಹೇಳಬೇಕು. 2017ರಲ್ಲಿ ಬಂದ 'ಕಾರ್ಲಾ' ಎಂಬುದರಲ್ಲಿ ಮೊದಲಿಗೇ ಐವತ್ತು ಬಗೆಯ ಪಾದಚಾರಿಗಳಿದ್ದರು. ಹುಡುಗಿ ಕೆಲವರನ್ನು ತೋರಿಸಿದಳು. ನೀಟಾಗಿ ಬಟ್ಟೆ ತೊಟ್ಟು, ಕೈ ಬೀಸಿಕೊಂಡು, ರಸ್ತೆ ಬದಿಯ ಕಟ್ಟೆಯ ಮೇಲೆ ನಡೆಯುತ್ತಾರೆ. "ತಲೆ ಮೇಲೆ ಹೊರೆ ಹೊತ್ತವಳು?" ಎಂದೆ. ನಾನು ನೋಡಿದ ಯಾವುದರಲ್ಲೂ ಇಲ್ಲ ಎಂದಳು. ಸೊಂಟದಲ್ಲಿ ಮಗು ಎತ್ತಿಕೊಂಡವಳು? ಅವಳೂ ಇಲ್ಲವಂತೆ. ಸೀರೆಯ ಸೆರಗು ಗಾಳಿಗೆ ಹಾರಿದರೆ ನಿಮ್ಮ ಯಂತ್ರ ಅದನ್ನು ಏನೆನ್ನುತ್ತದೆ? ಅವಳಿಗೆ ಗೊತ್ತಿರಲಿಲ್ಲ. ಹೊರೆ ಹೊತ್ತವಳ ಆಕಾರವೇ ಬೇರೆಯಲ್ಲವೇ, ದೂರದಿಂದ ನಡೆದಾಡುವ ಪೊದೆಯ ಹಾಗೆ ಕಾಣುತ್ತಾಳೆ. ಪೊದೆಯನ್ನು ತುಳಿದು ಹೋಗಬಹುದು ಎಂದು ಅದೇ ಯಂತ್ರಕ್ಕೆ ಕಲಿಸಿರುತ್ತಾರೆ.

ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2023ರಲ್ಲಿ, ಪಾದಚಾರಿಗಳನ್ನು ಗುರುತಿಸುವ ಎಂಟು ಯಂತ್ರವಿಧಾನಗಳನ್ನು ಪರೀಕ್ಷಿಸಿದರು. ದೊಡ್ಡವರನ್ನು ಗುರುತಿಸುವುದಕ್ಕೂ ಮಕ್ಕಳನ್ನು ಗುರುತಿಸುವುದಕ್ಕೂ ಹತ್ತಿರ ಹತ್ತಿರ ಶೇಕಡಾ 20ರಷ್ಟು ವ್ಯತ್ಯಾಸ. ಬಿಳಿಯ ಮೈಬಣ್ಣದವರಿಗೂ ಕಪ್ಪು ಮೈಬಣ್ಣದವರಿಗೂ ಶೇಕಡಾ 7.5. ಹೆಣ್ಣು ಗಂಡಿನ ನಡುವೆ ವ್ಯತ್ಯಾಸ ಅಷ್ಟೇನೂ ಇರಲಿಲ್ಲ. ನನ್ನ ವಾದಕ್ಕೆ ಅನುಕೂಲವಲ್ಲ ಎಂದು ಮುಚ್ಚಿಡುವುದಿಲ್ಲ. ಆದರೆ ಮಕ್ಕಳನ್ನು ಕೈ ಹಿಡಿದು ರಸ್ತೆ ದಾಟಿಸುವವರು ಯಾರು? ಸ್ಕೂಲು ಬಿಟ್ಟ ಹೊತ್ತಿನಲ್ಲಿ ನಮ್ಮ ಬಿ.ಎಚ್. ರಸ್ತೆಗೆ ಬಂದು ನೋಡಿ.

ಗುದ್ದಿಸಿಕೊಳ್ಳುವ ಬೊಂಬೆಗಳ ಕಥೆ ಗೊತ್ತಿದ್ದವರಿಗೆ ಇದೆಲ್ಲ ಹೊಸದಲ್ಲ. ಕಾರಿನ ಕ್ಷೇಮ ಪರೀಕ್ಷಿಸಲು ಒಳಗೆ ಬೊಂಬೆ ಕೂರಿಸಿ ಗೋಡೆಗೆ ಗುದ್ದಿಸುತ್ತಾರಲ್ಲ, ಆ ಬೊಂಬೆ ದಶಕಗಳ ಕಾಲ ಸರಾಸರಿ ಗಂಡಸಿನ ಅಳತೆಯದು. ಹೆಣ್ಣು ಎಂದು ಇಟ್ಟದ್ದು ಅದೇ ಗಂಡು ಬೊಂಬೆಯನ್ನು ಕುಗ್ಗಿಸಿ ಮಾಡಿದ, ಐದಡಿಯೂ ಇಲ್ಲದ, 49 ಕಿಲೋ ತೂಕದ ಒಂದು ಪುಟ್ಟ ಬೊಂಬೆ. 2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಅಪಘಾತಗಳ ಲೆಕ್ಕ ತೆಗೆದರು. ಬೆಲ್ಟು ಹಾಕಿಕೊಂಡೇ ಓಡಿಸುತ್ತಿದ್ದ ಹೆಂಗಸರಿಗೆ ತೀವ್ರವಾದ ಗಾಯವಾಗುವ ಸಂಭವ ಗಂಡಸರಿಗಿಂತ ಶೇಕಡಾ 47ರಷ್ಟು ಹೆಚ್ಚು ಎಂದು ಕಂಡಿತು. ಸರಾಸರಿ ಹೆಂಗಸಿನ ಮೈಕಟ್ಟಿನ ಬೊಂಬೆಯನ್ನು 2022ರಲ್ಲಿ ಜಗತ್ತಿಗೆ ತೋರಿಸಿದ್ದು ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಮತ್ತು ಅವರ ತಂಡ. 162 ಸೆಂಟಿಮೀಟರ್ ಎತ್ತರ, 62 ಕಿಲೋ. ನನ್ನದೇ ಅಳತೆ, ಹತ್ತಿರ ಹತ್ತಿರ!

ಲಿಂಡರ್ ಅವರ ಕೆಲಸದಲ್ಲಿ ನನಗೆ ಬೇಕಾದ ಸಾಕ್ಷಿ ಇದೆ. ಆ ಬೊಂಬೆ ಕೈಗೆ ಸಿಗುವ ಎಷ್ಟೋ ವರ್ಷ ಮೊದಲೇ, ಯುರೋಪಿನ ಒಂದು ಯೋಜನೆಯಲ್ಲಿ ಅಂಥದೇ ಹೆಣ್ಣು ಮಾದರಿಯನ್ನು ಗಣಕಯಂತ್ರದೊಳಗೆ ಮಾಡಿ 'ಈವಾ' ಎಂದು ಹೆಸರಿಟ್ಟಿದ್ದರು. ರಬ್ಬರು, ಉಕ್ಕು, ಸೆನ್ಸಾರು ಸೇರಿಸಿ ಬೊಂಬೆ ಮಾಡಲು ದುಡ್ಡು ಬೇಕು, ಕಾರ್ಖಾನೆ ಬೇಕು. ಪರದೆಯೊಳಗೆ ಮಾಡಲು ಮನಸ್ಸು ಬೇಕು, ಕೆಲವು ತಿಂಗಳ ಕೆಲಸ ಬೇಕು. ಅಲ್ಲಿ ಒಬ್ಬ ಹೆಂಗಸನ್ನು ಇಡಲಿಲ್ಲವೆಂದರೆ ದುಡ್ಡಿರಲಿಲ್ಲ, ಅನುಕೂಲವಿರಲಿಲ್ಲ ಎಂಬ ನೆಪ ಹೇಳುವ ಹಾಗಿಲ್ಲ. ಸೈನ್ಯದ ಕೋಟಿಗಟ್ಟಲೆ ಡಾಲರು ಪಡೆದು ಮಣ್ಣಿನ ಒಂದೊಂದು ಕಣ ಹೇಗೆ ಉರುಳುತ್ತದೆಂದು ಲೆಕ್ಕ ಹಾಕುವವರಿಗೆ, ಆ ಮಣ್ಣಿನ ಮೇಲೆ ನಡೆಯುವವಳ ಲೆಕ್ಕ ಕಷ್ಟವೇ?

ಇದೆಲ್ಲ ಅಮೆರಿಕದ ರಗಳೆ, ನಮಗೇಕೆ ಎನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ನಮ್ಮವರು ಪೇಪರು ಮಡಿಸಿಟ್ಟು, "ಅಂಥ ಕಾರು ಇಲ್ಲಿಗೆ ಬಿಡಲ್ಲ ಅಂತ ಮಂತ್ರಿಗಳೇ ಹೇಳಿದ್ದಾರಲ್ಲ" ಎಂದರು. ನಿಜ, ಚಾಲಕರ ಕೆಲಸ ಕಸಿಯುವ ಕಾರುಗಳನ್ನು ಭಾರತಕ್ಕೆ ಬಿಡುವುದಿಲ್ಲ ಎಂದು ನಿತಿನ್ ಗಡ್ಕರಿಯವರು 2017ರಲ್ಲೇ ಹೇಳಿದ್ದರು. ಆದರೆ ಪೂರ್ತಿ ಚಾಲಕನಿಲ್ಲದ ಕಾರು ಬಾರದಿದ್ದರೂ ಅದರ ಕಣ್ಣು ಬಂದಾಗಿದೆ. ಎದುರಿಗೆ ಬಂದದ್ದನ್ನು ತಾನೇ ಕಂಡು ತಾನೇ ಬ್ರೇಕು ಹಾಕುವ ಕಾರುಗಳು ನಮ್ಮ ಊರಿನ ಷೋರೂಮುಗಳಲ್ಲೇ ಇವೆ. ಆ ಕಣ್ಣಿಗೆ ಪಾಠವಾದದ್ದು ಎಲ್ಲಿ, ಯಾವ ಜನರನ್ನು ತೋರಿಸಿ? ಕೊಳ್ಳುವವರು ಬಣ್ಣ ಕೇಳುತ್ತಾರೆ, ಮೈಲೇಜು ಕೇಳುತ್ತಾರೆ, ಇದನ್ನು ಕೇಳುವುದಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ಯಾವ ಗಾಡಿಯನ್ನೂ ಹತ್ತಿರಲಿಲ್ಲ, ನಡೆಯುತ್ತಿದ್ದರು. ಕೇಂದ್ರ ಸರ್ಕಾರವೇ ಕೊಟ್ಟ ಅಂಕಿ.

ನಮ್ಮವರೂ ಸುಮ್ಮನೆ ಕೂತಿಲ್ಲ ಎನ್ನುವುದು ಸಮಾಧಾನ. ಹೈದರಾಬಾದಿನ ಐಐಐಟಿಯವರು ಇಂಟೆಲ್ ಕಂಪನಿಯ ಜೊತೆ ಸೇರಿ ಹೈದರಾಬಾದು, ಬೆಂಗಳೂರು ಮತ್ತು ಸುತ್ತಲ ರಸ್ತೆಗಳಲ್ಲಿ ಕಾರು ಓಡಿಸಿ ಹತ್ತು ಸಾವಿರ ಚಿತ್ರಗಳ ಒಂದು ಸಂಗ್ರಹ ಮಾಡಿ 2018ರಲ್ಲಿ ಪ್ರಕಟಿಸಿದರು. ಯುರೋಪಿನ ಸಂಗ್ರಹಗಳಲ್ಲಿ ಇಲ್ಲದ ಆಟೋರಿಕ್ಷಾ ಅದರಲ್ಲಿದೆ, ದನಕರು ಇವೆ. ಕಂಡದ್ದನ್ನೆಲ್ಲ ಮೂವತ್ತನಾಲ್ಕು ಬಗೆಯಾಗಿ ಗುರುತಿಸಿದ್ದಾರೆ. ಆ ಬಗೆಗಳಲ್ಲಿ ಒಂದನ್ನು ಓದಿ ನಗುವುದೋ ಅಳುವುದೋ ತಿಳಿಯಲಿಲ್ಲ. ಟಾರಿನ ಅಂಚಿನ ಮಣ್ಣಿನ ಪಟ್ಟಿ ಇದೆಯಲ್ಲ, ಅದನ್ನು 'ಬೇಕಾದರೆ ಗಾಡಿ ಓಡಿಸಬಹುದಾದ ಜಾಗ' ಎಂಬ ಅರ್ಥದ ಗುಂಪಿಗೆ ಹಾಕಿದ್ದಾರೆ. ತಪ್ಪು ಅವರದ್ದಲ್ಲ, ನಮ್ಮ ಡ್ರೈವರುಗಳು ಮಾಡುವುದನ್ನು ಇದ್ದ ಹಾಗೆ ಬರೆದಿದ್ದಾರೆ. ಆದರೆ ನಾವು ನಡೆಯುವುದು ಆ ಪಟ್ಟಿಯ ಮೇಲೇ ಅಲ್ಲವೇ? ತರಕಾರಿಯವಳು ಬುಟ್ಟಿ ಇಳಿಸುವುದು, ಮಗು ಚಪ್ಪಲಿ ಸರಿಮಾಡಿಕೊಳ್ಳಲು ನಿಲ್ಲುವುದು, ಬಸ್ಸಿಗೆ ಕಾಯುವುದು ಎಲ್ಲ ಅಲ್ಲೇ. ಯಂತ್ರಕ್ಕೆ ನಾವೇ ಕಲಿಸುತ್ತಿದ್ದೇವೆ, ಅದು ನಿನಗೆ ಬೇಕಾದಾಗ ನುಗ್ಗುವ ಜಾಗ ಎಂದು.

ನಾನು ಕೇಳುವುದು ದೊಡ್ಡದಲ್ಲ. ಔಷಧಿಯ ಡಬ್ಬದ ಮೇಲೆ ಏನೇನು ಬೆರೆಸಿದೆ ಎಂದು ಬರೆಯುತ್ತಾರೆ, ಬಿಸ್ಕತ್ತಿನ ಪೊಟ್ಟಣದ ಮೇಲೂ ಬರೆಯುತ್ತಾರೆ. ತಾನೇ ಓಡುವ, ತಾನೇ ಬ್ರೇಕು ಹಾಕುವ ಗಾಡಿಯನ್ನು ಮಾರುವವನು ತನ್ನ ಪರೀಕ್ಷೆಯ ಪ್ರಪಂಚದಲ್ಲಿ ಯಾರು ಯಾರಿದ್ದರು ಎಂಬ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಬರೆಯಲಿ. ಹೊರೆ ಹೊತ್ತವಳು ಇದ್ದಳೋ ಇಲ್ಲವೋ? ಎಮ್ಮೆಯ ಹಗ್ಗ ಹಿಡಿದ ಹುಡುಗ? ಕೋಲೂರಿಕೊಂಡ ಮುದುಕ? ಗುರುತಿಲ್ಲದ ಕಡೆ, ಬೇಲಿಯ ಕಿಂಡಿಯಿಂದ ದಾಟಿದವಳು? ಇಲ್ಲವೆಂದಾದರೆ ಅವನ ಗಾಡಿ ಪರೀಕ್ಷೆಗೆ ಕೂತಿಲ್ಲ ಎಂದೇ ಅರ್ಥ. ನಮ್ಮ ವಿಶ್ವವಿದ್ಯಾಲಯಗಳಿಗೂ ಒಂದು ಮಾತು. ವಿಸ್ಕಾನ್ಸಿನ್ನಿನವರ ತಂತ್ರಾಂಶ ಪುಕ್ಕಟೆ ಸಿಗುತ್ತದೆ ಎಂದೆನಲ್ಲ, ಅದನ್ನು ಇಳಿಸಿಕೊಂಡು ನಮ್ಮ ಕೆರೆಯಂಗಳವನ್ನೂ ನಮ್ಮ ಹೆದ್ದಾರಿಯ ಅಂಚನ್ನೂ ಕಟ್ಟಲು ಯಾವ ಸೈನ್ಯದ ದುಡ್ಡೂ ಬೇಡ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ತುಂಬ ಹುಡುಗಿಯರೇ ಇದ್ದಾರೆ. ಕೊನೆಯ ವರ್ಷದ ಪ್ರಾಜೆಕ್ಟೆಂದು ಹಳೆಯದನ್ನೇ ನಕಲು ಹೊಡೆದು ಬೈಂಡು ಮಾಡಿಸುವ ಬದಲು ಅವರ ಅಜ್ಜಿ ನಡೆದ ದಾರಿಯನ್ನು ಅಳೆದು ಕೊಡಲಿ. ಮನೆಯಲ್ಲಿ ಅಂಥ ಮಗಳಿದ್ದರೆ ಊಟದ ಹೊತ್ತಿನಲ್ಲಿ ಈ ವಿಷಯ ಎತ್ತಿ ನೋಡಿ. ನಮಗೇನು ಗೊತ್ತಾಗುತ್ತದೆ ಎಂದು ಸುಮ್ಮನಿರಬೇಡಿ. ಕೇಳಬೇಕಾದ ಪ್ರಶ್ನೆ ಕೇಳಲು ಕಂಪ್ಯೂಟರ್ ಬರಬೇಕಾಗಿಲ್ಲ, ರಸ್ತೆ ದಾಟಿ ಗೊತ್ತಿದ್ದರೆ ಸಾಕು.

ಹೊರಡುವ ದಿನ ಹುಡುಗಿ ನನ್ನ ಮೇಲೆ ಅರ್ಧ ಮುನಿಸಿನಲ್ಲೇ ಹೋದಳು. ಅವಳ ಮೂರು ವರ್ಷದ ಕೆಲಸಕ್ಕೆ ನಾನು ಹೆಸರಿಟ್ಟ ಹಾಗಾಗಿತ್ತು. ಹೋದ ವಾರ ರಾತ್ರಿ ಫೋನು ಮಾಡಿದ್ದಳು. ಅವಳ ಪ್ರೊಫೆಸರನ್ನು ಕೇಳಿದಳಂತೆ. ಈಗಿನ ಯೋಜನೆಯ ಪಟ್ಟಿಯಲ್ಲಿ ಜನರನ್ನು ಸೇರಿಸಲು ಬರುವುದಿಲ್ಲ, ಅದಕ್ಕೆ ದುಡ್ಡು ಕೊಟ್ಟವರ ಒಪ್ಪಿಗೆ ಬೇಕು ಎಂದರಂತೆ. ಬೇಕಾದರೆ ನಿನ್ನ ಬಿಡುವಿನ ಹೊತ್ತಿನಲ್ಲಿ ಮಾಡು ಎಂದೂ ಹೇಳಿದರಂತೆ.

"ಹುಲ್ಲಿನ ಹೊರೆ ಎಷ್ಟು ಕೆಜಿ ಇರುತ್ತೆ ದೊಡ್ಡಮ್ಮ? ಹೊತ್ತಾಗ ನೆತ್ತಿಯಿಂದ ಎಷ್ಟು ಎತ್ತರ ಬರುತ್ತೆ, ಎಷ್ಟು ಅಗಲ? ಹೊತ್ತುಕೊಂಡು ನಾಲ್ಕು ಪಥ ದಾಟೋದಕ್ಕೆ ಎಷ್ಟು ಸೆಕೆಂಡು ಬೇಕು? ಸುಮಾರಾಗಿ ಹೇಳಬೇಡ, ಅಳೆದು ಹೇಳು" ಎಂದಳು.

ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಸೋದರತ್ತೆಯ ಸೊಸೆ ಈಗಲೂ ಅದೇ ಕಿಂಡಿಯಿಂದ ದಾಟುತ್ತಾಳೆ. ಟೇಪು, ಸ್ಪ್ರಿಂಗ್ ತಕ್ಕಡಿ, ಹಳೆಯ ಗಡಿಯಾರ ಮೂರನ್ನೂ ಚೀಲಕ್ಕೆ ಹಾಕಿಟ್ಟಿದ್ದೇನೆ.